ಹುಬ್ಬಳ್ಳಿಯಿಂದ ಅಳಿವೆಗೆ: ಕಯಾಕ್ ಹತ್ತುವ ಮುನ್ನ ತಿಥಿ ನೋಡಿ

"ದಾಂಡೇಲಿ ನೋಡಿ ಆಯ್ತು, ಗಣೇಶಗುಡಿಯಲ್ಲಿ ಬೋಟೂ ಹತ್ತಿ ಆಯ್ತು. ಇನ್ನು ಕಡಲ ಹತ್ತಿರ ಕಾಂಡ್ಲಾ ಕಾಡಿನೊಳಗೆ ಕಯಾಕ್ ಹೊಡೀಬೇಕು, ಹೆಂಗ್ರಿ ಹೋಗೋದು?" ಹುಬ್ಬಳ್ಳಿ, ಧಾರವಾಡದ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. (ಕಾಂಡ್ಲಾ ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ, ಕಯಾಕ್ ಅಂದರೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ.) ಚಳಿ ಶುರುವಾದರೆ ಗದಗ, ಹಾವೇರಿಯವರೂ ಸೇರಿಕೊಳ್ಳುತ್ತಾರೆ. ಬಾಡಿಗೆ ಎಷ್ಟು, ರೂಮು ಎಲ್ಲಿ, ಮೀನೂಟ ಎಲ್ಲಿ ಚೆನ್ನಾಗಿದೆ ಎಂದು ಎಲ್ಲರೂ ಕೇಳುತ್ತಾರೆ. ನೀರು ಎಷ್ಟು ಹೊತ್ತಿಗೆ ಏರುತ್ತದೆ ಎಂದು ಕೇಳುವವರು ಅಪರೂಪ. ಅದೊಂದು ಗೊತ್ತಾದರೆ ಉಳಿದದ್ದು ಸಲೀಸು. ಹಾಗಾಗಿ ಈ ಲೇಖನದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಕೆಲವರು "ಡೆಲ್ಟಾ ನೋಡಬೇಕು" ಎನ್ನುತ್ತಾರೆ. ಡೆಲ್ಟಾ ಅಂದರೆ ನದಿ ತಾನು ಹೊತ್ತು ತಂದ ಮಣ್ಣನ್ನು ಕಡಲ ಅಂಚಿನಲ್ಲಿ ಸುರಿದು, ಅದರ ನಡುವೆ ಹಲವು ಕವಲಾಗಿ ಹರಿಯುವ ತಗ್ಗು ಬಯಲು. ಕೃಷ್ಣಾ, ಗೋದಾವರಿ ನದಿಗಳಿಗೆ ಅದು ಆಂಧ್ರದ ಕರಾವಳಿಯಲ್ಲಿದೆ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳು ಘಟ್ಟ ಇಳಿದು ಸ್ವಲ್ಪ ದೂರದಲ್ಲೇ ಕಡಲು ಸೇರುತ್ತವೆ. ಅಷ್ಟು ಮಣ್ಣು ಪೇರಿಸಲು ಅವಕ್ಕೆ ಜಾಗ ಸಾಲದು. ಅಲ್ಲಿರುವುದು ಅಳಿವೆ, ಅಂದರೆ ನದಿಯ ಸಿಹಿನೀರೂ ಕಡಲ ಉಪ್ಪುನೀರೂ ಬೆರೆಯುವ ಅಗಲವಾದ ಬಾಯಿ. ಕವಲು ಕಾಲುವೆಗಳು, ಕುರ್ವೆಗಳು (ನದಿ ನಡುವಿನ ನಡುಗಡ್ಡೆಗಳು), ಕೆಸರು ದಿಬ್ಬಗಳು, ಕಾಂಡ್ಲಾ ಗಿಡಗಳು ಎಲ್ಲ ಇಲ್ಲೂ ಇವೆ. ಹಾವೇರಿಯ ವರದಾ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ, ಆ ನೀರು ಕೊನೆಗೆ ಕೃಷ್ಣಾ ಡೆಲ್ಟಾಕ್ಕೆ ಹೋಗುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಮಾತ್ರ ಬೇಡ್ತಿಯ ಜೊತೆಯಾಗಿ ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರಲ್ಲಿ ಅಂಕೋಲಾ ಸೀಮೆಯಲ್ಲಿ ಕಡಲು ಸೇರುತ್ತದೆ. ನಮ್ಮೂರಿನಿಂದ ಮೂರ್ನಾಲ್ಕು ಗಂಟೆಯ ದಾರಿಯಲ್ಲಿ ಸಿಗುವುದು ಅಳಿವೆಗಳೇ. ನೋಡಲು ಅಷ್ಟೇ ಚೆಂದ.

1. ದಿನ ಗೊತ್ತುಮಾಡಿ

ಉಣಕಲ್ ಕೆರೆ, ನವಿಲುತೀರ್ಥದ ಹಿನ್ನೀರು ನೋಡಿ ಬೆಳೆದವರಿಗೆ ನೀರು ಎಂದರೆ ಇದ್ದಲ್ಲೇ ಇರುವಂಥದ್ದು. ಅಳಿವೆಯ ನೀರು ಹಾಗಲ್ಲ. ದಿನಕ್ಕೆ ಎರಡು ಸಲ ಏರುತ್ತದೆ (ಉಬ್ಬರ), ಎರಡು ಸಲ ಇಳಿಯುತ್ತದೆ (ಇಳಿತ). ಏರುವಾಗ ನದಿ ಹಿಮ್ಮುಖವಾಗಿ, ಘಟ್ಟದ ಕಡೆ ಹರಿಯುತ್ತದೆ. ಮೊದಲ ಸಲ ಕಂಡವರಿಗೆ ಇದು ನಂಬಲಿಕ್ಕೇ ಆಗುವುದಿಲ್ಲ. ಇಳಿಯುವಾಗ ಕಡಲ ಕಡೆ ಎಳೆಯುತ್ತದೆ. ಎರಡರ ನಡುವೆ ಸ್ವಲ್ಪ ಹೊತ್ತು ನೀರು ನಿಂತಂತಿರುತ್ತದೆ. ಅದನ್ನು ನಿಂತ ನೀರು ಎನ್ನೋಣ.

ಹೊಸಬರು ಗಂಟೆಗೆ ಮೂರು-ನಾಲ್ಕು ಕಿ.ಮೀ. ಹುಟ್ಟು ಹಾಕಿದರೆ ಹೆಚ್ಚು. ನೀರು ಎದುರಿನಿಂದ ಗಂಟೆಗೆ ಎರಡು ಕಿ.ಮೀ. ವೇಗದಲ್ಲಿ ಬಂದರೆ ನಿಮ್ಮ ಅರ್ಧ ದುಡಿಮೆ ಅದಕ್ಕೇ ಹೋಯಿತು. ಅದೇ ನೀರು ಹಿಂದಿನಿಂದ ತಳ್ಳಿದರೆ ಸುಮ್ನೆ ಕೂತರೂ ಮುಂದೆ ಹೋಗುತ್ತೀರಿ. ಆದ್ದರಿಂದ ಉಬ್ಬರದ ಜೊತೆ ಒಳಗೆ ಹೋಗಿ, ನಿಂತ ನೀರಲ್ಲಿ ತಿರುಗಾಡಿ, ಇಳಿತದ ಜೊತೆ ವಾಪಸ್ ಬನ್ನಿ. ಇದು ತಲೆಮಾರುಗಳಿಂದ ಅಲ್ಲಿನ ದೋಣಿಯವರು ಮಾಡುತ್ತಿರುವುದೇ.

ಈಗ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸು ಉಬ್ಬರ ದೊಡ್ಡದು. ಈ ಕರಾವಳಿಯಲ್ಲಿ ಏರಿಳಿತದ ವ್ಯತ್ಯಾಸ ಒಂದೂವರೆ, ಎರಡು ಮೀಟರ್‌ವರೆಗೂ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಅದು ತುಂಬ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಯ ದಿನ ಹಗಲಿನ ಉಬ್ಬರ ಅಂದಾಜು 10ರಿಂದ 12 ಗಂಟೆಯೊಳಗೆ ತುಂಬುತ್ತದೆ. ಆಮೇಲೆ ದಿನ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಷ್ಟಮಿ ಬರುವಷ್ಟರಲ್ಲಿ ಅದು ಸಂಜೆಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಇಳಿತ ಇರುತ್ತದೆ.

ಇದಕ್ಕೆ ಗಾಳಿಯ ಲೆಕ್ಕ ಸೇರಿಸಿ. ಬೆಳಗ್ಗೆ ಅಳಿವೆ ಶಾಂತ. ಬಿಸಿಲೇರಿ 11-12 ಗಂಟೆ ಆಗುತ್ತಿದ್ದಂತೆ ಕಡಲಿನಿಂದ ಗಾಳಿ ಶುರುವಾಗುತ್ತದೆ. ಮಧ್ಯಾಹ್ನಕ್ಕೆ ಜೋರು. ಇಳಿತದ ನೀರು ಕಡಲ ಕಡೆ ಹೋಗುವಾಗ ಗಾಳಿ ಎದುರಿಗೆ ಬಂದರೆ ಗಿಡ್ಡ ಗಿಡ್ಡ ಕಡಿದಾದ ತೆರೆಗಳು ಏಳುತ್ತವೆ. ಕಯಾಕ್ ಮಗುಚುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ.

ಎರಡೂ ಲೆಕ್ಕ ಕೂಡಿಸಿದರೆ ನಮಗೆ ಬೇಕಾದ್ದು ಬೆಳಗ್ಗೆ 8ರಿಂದ 10ರೊಳಗೆ ತುಂಬುವ ಉಬ್ಬರ. ಅದು ಹೆಚ್ಚಾಗಿ ಏಕಾದಶಿಯಿಂದ ಚತುರ್ದಶಿಯ ನಡುವೆ ಸಿಗುತ್ತದೆ, ಶುಕ್ಲಪಕ್ಷವಾಗಲಿ ಕೃಷ್ಣಪಕ್ಷವಾಗಲಿ. ಇವು ಅಮಾವಾಸ್ಯೆ, ಹುಣ್ಣಿಮೆಗಿಂತ ಮುಂಚಿನ ದಿನಗಳು ಎಂಬುದನ್ನು ಗಮನಿಸಿ. ಬಿದಿಗೆ, ತದಿಗೆಯ ಉಬ್ಬರವೂ ದೊಡ್ಡದೇ, ಆದರೆ ತುಂಬುವುದು ಮಧ್ಯಾಹ್ನದ ಹೊತ್ತಿಗೆ. ವಾಪಸ್ ಬರುವಾಗ ಗಾಳಿ ಮುಖಕ್ಕೆ ಹೊಡೆಯುತ್ತದೆ. ಇನ್ನೂ ಬೇಗ ಎದ್ದರೂ ಸರಿ, ಸೆಳೆತ ಕಡಿಮೆ ಇರಲಿ ಎನ್ನುವವರು ದಶಮಿ, ಏಕಾದಶಿ ಕಡೆ ವಾಲಬಹುದು.

ತಿಥಿ ಬರೀ ಮೊದಲ ಜರಡಿ. ಹೊರಡುವ ಮುನ್ನ ಉಬ್ಬರದ ಕೋಷ್ಟಕ ನೋಡಲೇಬೇಕು. ಹೈದರಾಬಾದಿನ ಇನ್‌ಕಾಯಿಸ್, ಅಂದರೆ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ, ಉಬ್ಬರದ ವೇಳೆಯನ್ನೂ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಜಾಲತಾಣದಲ್ಲಿ ಕೊಡುತ್ತದೆ. ಕಾರವಾರದ ವೇಳೆ ಹಿಡಿಯಿರಿ. ಅದು ಕಡಲ ಬಾಯಿಯ ವೇಳೆ. ನದಿಯೊಳಗೆ ಹೋದಷ್ಟೂ ಉಬ್ಬರ ತಡವಾಗಿ ತುಂಬುತ್ತದೆ.

ಕಾಲ: ನವೆಂಬರಿನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತದೆ. ಆ ನೀರಲ್ಲಿ ಪ್ಲಾಸ್ಟಿಕ್ ಕಯಾಕ್ ಏನು ಮಾಡೀತು? ಅಕ್ಟೋಬರಿನಲ್ಲೂ ಘಟ್ಟದ ಮಳೆ ಪೂರ್ತಿ ನಿಂತಿರುವುದಿಲ್ಲ. ಮಾರ್ಚ್ ದಾಟಿದರೆ ಬಿಸಿಲು, ಗಾಳಿ ಎರಡೂ ಜಾಸ್ತಿ.

2. ನದಿ ಆರಿಸಿ

ಉತ್ತರ ಕನ್ನಡದಲ್ಲಿ ನಾಲ್ಕು ದೊಡ್ಡ ಅಳಿವೆಗಳಿವೆ: ಉತ್ತರದಿಂದ ದಕ್ಷಿಣಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ.

ಮೊದಲ ಸಲಕ್ಕೆ ಹೊನ್ನಾವರದ ಶರಾವತಿ. ಕಾಂಡ್ಲಾ ವನದೊಳಗೆ ಮರದ ಹಲಗೆಯ ಕಾಲುದಾರಿ ಇದೆ. ದೋಣಿ, ಕಯಾಕ್ ಬಾಡಿಗೆಗೆ ಕೊಡುವ ಸ್ಥಳೀಯರು ಸಿಗುತ್ತಾರೆ. ಕಾಲುವೆಗಳು ಕಿರಿದು, ದಡ ಯಾವಾಗಲೂ ಹತ್ತಿರ. ಎದ್ದು ಕಾಣುವ ಗುರುತಾಗಿ ರೈಲು ಸೇತುವೆ ಇದೆ. ಎರಡು ಕಿ.ಮೀ.ಗೂ ಉದ್ದದ ಅದು ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ. ಆದರೆ ಶರಾವತಿ ಪಳಗಿಸಿದ ನದಿ. ಮೇಲೆ ಲಿಂಗನಮಕ್ಕಿ, ಅದರ ಕೆಳಗೆ ಗೇರುಸೊಪ್ಪ ಅಣೆಕಟ್ಟು ಇವೆ. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಹರಿವಿನ ಲೆಕ್ಕ ಕೋಷ್ಟಕಕ್ಕಿಂತ ಬೇರೆಯಾಗಬಹುದು. ದೋಣಿಯವರನ್ನು ಅದೇ ದಿನ ಬೆಳಗ್ಗೆ ಕೇಳಿ.

ಎರಡನೇ ಸಲಕ್ಕೆ ಅಘನಾಶಿನಿ. ನನ್ನ ಮಟ್ಟಿಗೆ ನಾಲ್ಕರಲ್ಲಿ ಇದೇ ಮೇಲು. ಶಿರಸಿಯ ಕಡೆ ಹುಟ್ಟಿ, ಎಲ್ಲೂ ದೊಡ್ಡ ಅಣೆಕಟ್ಟಿಲ್ಲದೆ ತದಡಿಯಲ್ಲಿ ಕಡಲು ಸೇರುತ್ತದೆ. ಇದರ ಅಳಿವೆಗೆ 2024ರಲ್ಲಿ ರಾಮ್‌ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ, ಸಿಕ್ಕಿತು. ಅದೇ ಸಲ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಸಿಕ್ಕಿತು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಹೋಗುತ್ತೇವಲ್ಲ, ಅದೇ ಕೆರೆ. ಅಘನಾಶಿನಿಯಲ್ಲಿ ಕೆಸರು ದಿಬ್ಬಗಳು ಜಾಸ್ತಿ, ಕಾಲುವೆಗಳು ಸುತ್ತಿ ಬಳಸಿ ಹೋಗುತ್ತವೆ. ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗೆ ಬೇಕೇ ಬೇಕು.

ಕಾಳಿ ಬಹಳ ಅಗಲ. ಗಾಳಿ ಎದ್ದರೆ ದಡ ಸೇರಲು ಹೊತ್ತು ಹಿಡಿಯುತ್ತದೆ. ಗಂಗಾವಳಿಯಲ್ಲಿ ಹರಿಯುವುದು ನಮ್ಮೂರ ನೀರು ಎಂಬ ಅಭಿಮಾನ ಇದ್ದರೂ ಹೊಸಬರಿಗೆ ಅದನ್ನು ಹೇಳುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಶಿ ಮಣ್ಣು ಇದೇ ನದಿಗೆ ಬಿತ್ತು. ಅದಕ್ಕಿಂತ ಹಳೆಯ ವಿಡಿಯೊ ನೋಡಿ ದಾರಿ ಲೆಕ್ಕ ಹಾಕಬೇಡಿ.

3. ದೋಣಿ ಮತ್ತು ಜೊತೆಗಾರ

ಕಯಾಕ್‌ಗೆ ಎರಡೂ ತುದಿಯಲ್ಲಿ ಅಲಗಿರುವ ಹುಟ್ಟು, ಕನೂ ದೋಣಿಗೆ ಒಂದೇ ಅಲಗಿನ ಹುಟ್ಟು. ಹೊಸಬರಿಗೆ ಮೇಲೆ ಕೂರುವ ಕಯಾಕ್ ಒಳ್ಳೆಯದು. ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಜೋಡಿ ಕಯಾಕ್ ತೆಗೆದುಕೊಂಡರೆ ಭಾರ ಜಾಸ್ತಿ ಇರುವವರು ಹಿಂದೆ ಕೂರಲಿ.

ಬಾಡಿಗೆ ಮಾತಾಡುವ ಮುನ್ನ ಮೂರು ಮಾತು ಕೇಳಿ. ಪ್ರತಿಯೊಬ್ಬರಿಗೂ ಅಳತೆಯ ಲೈಫ್ ಜಾಕೆಟ್ ಇದೆಯೇ? ಜೊತೆಗೆ ಯಾರು ಬರುತ್ತಾರೆ, ಅವರದ್ದೇ ಬೇರೆ ದೋಣಿ ಇದೆಯೇ? ಇವತ್ತು ಉಬ್ಬರ ಎಷ್ಟು ಹೊತ್ತಿಗೆ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆಯವರನ್ನು ನೋಡಿ. ಕಯಾಕಿನ ಹಿಂಬದಿಯಲ್ಲಿ ನೀರು ಬಸಿಯುವ ಬಿರಡೆ ಇರುತ್ತದೆ. ಅದು ಬಿಗಿಯಾಗಿದೆಯೇ ಎಂದು ನೀವೇ ತಿರುವಿ ನೋಡಿ.

ಆನ್‌ಲೈನ್‌ನಲ್ಲಿ ಸಿಗುವ ಗಾಳಿ ತುಂಬುವ ಕಯಾಕ್ ತರಬಹುದೇ ಎಂದು ಬಹಳ ಜನ ಕೇಳುತ್ತಾರೆ. ಕೆರೆಗೆ ಸರಿ, ಕಾಂಡ್ಲಾ ಕಾಲುವೆಗೆ ಬೇಡ. ಆ ಬೇರುಗಳಿಗೆ ಸಿಂಪಿಗಳು ಅಂಟಿಕೊಂಡಿರುತ್ತವೆ. ಅವುಗಳ ಅಂಚು ಬ್ಲೇಡಿನ ಹಾಗಿರುತ್ತದೆ. ಒಂದು ಸಲ ಉಜ್ಜಿದರೆ ಸಾಕು, ಅಗ್ಗದ ರಬ್ಬರು ಸೀಳುತ್ತದೆ.

4. ಏನು ಒಯ್ಯಬೇಕು

ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಬೂಟು. ಹವಾಯಿ ಚಪ್ಪಲಿ ಕೆಸರಿನಲ್ಲಿ ಉಳಿದುಬಿಡುತ್ತದೆ, ಬರಿಗಾಲನ್ನು ಸಿಂಪಿ ಕೊಯ್ಯುತ್ತದೆ. ತುಂಬುತೋಳಿನ ತೆಳು ಅಂಗಿ, ದಾರ ಇರುವ ಟೋಪಿ, ಕನ್ನಡಕಕ್ಕೂ ದಾರ. ಜೀನ್ಸ್ ಬೇಡ, ನೆನೆದರೆ ಕಾಲು ಎತ್ತಲಿಕ್ಕೇ ಆಗುವುದಿಲ್ಲ. ತಲೆಗೆ ಎರಡು ಲೀಟರ್ ಕುಡಿಯುವ ನೀರು. ಸುತ್ತ ನೀರಿದ್ದರೂ ಒಂದು ಗುಟುಕೂ ಕುಡಿಯಲು ಬಾರದು. ಬಾಳೆಹಣ್ಣು, ಶೇಂಗಾ ಉಂಡಿ ಸಾಕು. ಮಿರ್ಚಿ-ಗಿರ್ಮಿಟ್ ಹೊಡೆದು ಹುಟ್ಟು ಹಾಕಲು ಕೂರಬೇಡಿ, ಅದು ವಾಪಸ್ ಬಂದ ಮೇಲೆ. ಫೋನನ್ನು ನೀರು ಹೋಗದ ಚೀಲದಲ್ಲಿಟ್ಟು, ಚೀಲವನ್ನು ಕಯಾಕ್‌ಗೆ ಕಟ್ಟಿ. ಒಂದು ಸೀಟಿ ಲೈಫ್ ಜಾಕೆಟ್‌ಗೆ ಕಟ್ಟಿರಲಿ. ತುರ್ತಿಗೆ 112, ಕಡಲ ಬಾಯಿಯ ಕಡೆ ಅಪಾಯವಾದರೆ ಕರಾವಳಿ ಕಾವಲು ಪಡೆಯ 1554.

5. ದಡದಲ್ಲೇ ಅರ್ಧ ಗಂಟೆ

ಲೈಫ್ ಜಾಕೆಟ್ ಹಾಕಿ ಎಲ್ಲ ಬಕಲ್ ಬಿಗಿಮಾಡಿ. ಜೊತೆಯವರಿಗೆ ಹೆಗಲ ಪಟ್ಟಿ ಹಿಡಿದು ಮೇಲೆತ್ತಲು ಹೇಳಿ. ಜಾಕೆಟ್ ಗದ್ದ ದಾಟಿ ಮೇಲೆ ಬಂದರೆ ಸಡಿಲ ಎಂದರ್ಥ. ಮಕ್ಕಳದ್ದನ್ನು ಎರಡು ಸಲ ನೋಡಿ. ವರದಾ ಹೊಳೆಯಲ್ಲಿ ಈಜಿ ಬೆಳೆದವರು "ನಮಗ್ಯಾಕ್ರಿ ಜಾಕೆಟ್" ಎನ್ನುತ್ತಾರೆ. ಈಜು ಬಲ್ಲವರನ್ನೂ ಇಳಿತ ಕಡಲ ಕಡೆ ಎಳೆಯುತ್ತದೆ, ಹಾಕಿಕೊಳ್ಳಿ.

ಹುಟ್ಟನ್ನು ಹೆಗಲಗಲಕ್ಕಿಂತ ಸ್ವಲ್ಪ ಜಾಸ್ತಿ ಅಂತರದಲ್ಲಿ, ಸಡಿಲವಾಗಿ ಹಿಡಿಯಿರಿ. ಗಟ್ಟಿಯಾಗಿ ಹಿಡಿದರೆ ಅರ್ಧ ಗಂಟೆಯಲ್ಲಿ ಅಂಗೈ ಬೊಬ್ಬೆ. ಅಲಗನ್ನು ಪಾದದ ಹತ್ತಿರ ಪೂರ್ತಿ ಮುಳುಗಿಸಿ, ಸೊಂಟದ ಹತ್ತಿರ ಬಂದಾಗ ಮೇಲೆತ್ತಿ. ತೋಳಿನಿಂದ ಎಳೆಯುವುದಲ್ಲ, ಮೈ ತಿರುಗಿಸುವುದು. ಎಡಕ್ಕೆ ತಿರುಗಬೇಕೇ? ಬಲಗಡೆ ಅಲಗನ್ನು ಮುಂದಿನಿಂದ ಹಿಂದಕ್ಕೆ ದೊಡ್ಡ ಕಮಾನಿನಂತೆ ಎಳೆಯಿರಿ. ನಿಲ್ಲಬೇಕಾದರೆ ಒಮ್ಮೆ ಆಚೆ, ಒಮ್ಮೆ ಈಚೆ ಹಿಂದಕ್ಕೆ ಚಿಕ್ಕ ಚಿಕ್ಕ ಹೊಡೆತ.

ಇನ್ನು ಎಲ್ಲರೂ ಬಿಟ್ಟುಬಿಡುವ ಪಾಠ. ಎದೆಮಟ್ಟದ ನೀರಲ್ಲಿ ಬೇಕೆಂತಲೇ ಬಿದ್ದು ಮತ್ತೆ ಹತ್ತುವುದನ್ನು ಕಲಿಯಿರಿ. ಕಯಾಕ್ ಮಗುಚಿದ್ದರೆ ಮೊದಲು ಸರಿಮಾಡಿ. ಅದರ ಮಧ್ಯಭಾಗಕ್ಕೆ ಬಂದು, ಒಂದು ಕೈ ಹತ್ತಿರದ ಅಂಚಿಗೆ, ಇನ್ನೊಂದು ಆಚೆಯ ಅಂಚಿಗೆ ಹಾಕಿ. ಕಾಲು ಬಡಿದು ದೇಹವನ್ನು ನೀರಿನ ಮಟ್ಟಕ್ಕೆ ತನ್ನಿ. ಹೊಟ್ಟೆಯ ಮೇಲೆ ಅಡ್ಡಲಾಗಿ ಹತ್ತಿ, ಮಗ್ಗುಲು ತಿರುಗಿ ಕೂತು, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಿ. ನಿಂತು ಹತ್ತಲು ಹೋದರೆ ಮತ್ತೆ ನೀರಿಗೇ. ಈಜು ಬಾರದವರು ಹೊರಡುವ ವಾರ ಮುಂಚೆ ಊರಿನ ಈಜುಕೊಳಕ್ಕೆ ಹೋಗಿ, ಜಾಕೆಟ್ ಹಾಕಿ ಅಂಗಾತ ತೇಲುವುದನ್ನಾದರೂ ರೂಢಿ ಮಾಡಿಕೊಳ್ಳಿ.

6. ನೀರಿಗಿಳಿದ ಮೇಲೆ

ಉಬ್ಬರ 9ಕ್ಕೆ ಎಂದಾದರೆ 7ರ ಸುಮಾರಿಗೆ ಹೊರಡಿ. ಅದಕ್ಕೆ ಹಿಂದಿನ ರಾತ್ರಿಯೇ ಕುಮಟಾ ಅಥವಾ ಹೊನ್ನಾವರದಲ್ಲಿ ತಂಗಬೇಕು. ಬೆಳಗ್ಗೆ ಹುಬ್ಬಳ್ಳಿಯಲ್ಲಿ ತಿಂಡಿ ತಿಂದು, ಅರಬೈಲ್ ಘಟ್ಟ ಇಳಿದು, 12 ಗಂಟೆಗೆ "ಎಲ್ರಿ ಕಯಾಕ್" ಎಂದು ಕೇಳುವವರಿಗೆ ಗಾಳಿ, ಬಿಸಿಲು, ಎದುರು ನೀರು ಮೂರೂ ಒಟ್ಟಿಗೆ ಸಿಗುತ್ತವೆ. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ನಾವು ಕೇಳುತ್ತಲೇ ಇದ್ದೇವೆ. ಅದು ಬರುವ ತನಕ ಬಸ್ಸು, ಕಾರೇ ಗತಿ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಏರಿಳಿತದ ವ್ಯತ್ಯಾಸ 120 ಸೆಂ.ಮೀ. ಅನ್ನಿ. ಆರು ಗಂಟೆಯಲ್ಲಿ ಅದು ಹೆಚ್ಚುಕಡಿಮೆ ಗಂಟೆಗೆ 10, 20, 30, 30, 20, 10 ಸೆಂ.ಮೀ. ಹೀಗೆ ಏರುತ್ತದೆ. ಇಳಿಯುವುದೂ ಹಾಗೆಯೇ. ನಡುವಿನ ಎರಡು ಗಂಟೆ ಸೆಳೆತ ಜೋರು. ತುಂಬಿದ ಮೇಲಿನ ಮೊದಲ ಗಂಟೆ ನಿಧಾನ. ಅಂದರೆ 9ಕ್ಕೆ ತುಂಬಿದರೆ 10ರವರೆಗೆ ಮೆದುವಾಗಿ ವಾಪಸ್ ಬರಬಹುದು, 11 ಆದರೆ ಹಿಡಿತ ಬೇಕು.

ಗಡಿಯಾರ ಮರೆತರೂ ಕಾಂಡ್ಲಾ ವೇಳೆ ಹೇಳುತ್ತದೆ. ಕಾಲುವೆಯ ಅಂಚಿನ ಬೇರನ್ನು ಹತ್ತಿರದಿಂದ ನೋಡಿ. ಮೇಲ್ಭಾಗ ಒಣಗಿ ಬೂದು ಬಣ್ಣ, ಅದರ ಕೆಳಗೆ ಒಂದು ಗೆರೆ ಹೊಡೆದಂತೆ ಕೆಸರು ಮೆತ್ತಿದ ಕಪ್ಪು ಪಟ್ಟಿ. ನೀರು ಆ ಗೆರೆ ಮುಟ್ಟಿದ್ದರೆ ಉಬ್ಬರ ತುಂಬಿದೆ. ಗೆರೆಯ ಕೆಳಗೆ ಬೆರಳಗಲ ಹಸಿ ಬೇರು ಹೊಳೆಯುತ್ತಿದ್ದರೆ ನೀರು ಇಳಿಯಲು ಶುರು ಮಾಡಿದೆ. ಅನುಮಾನ ಇದ್ದರೆ ಒಂದು ಎಲೆ ತೇಲಿಬಿಡಿ, ಅದು ಯಾವ ಕಡೆ ಹೋಗುತ್ತದೆ ನೋಡಿ. ನಿಮ್ಮ ಕಣ್ಣಿಗೆ ನಿಂತಂತೆ ಕಾಣುವ ನೀರೂ ಎಲೆಯನ್ನು ಒಯ್ಯುತ್ತಿರುತ್ತದೆ.

ನಿಂತ ನೀರಿನ ಆ ಅರ್ಧ ಗಂಟೆಯಲ್ಲಿ ಕಿರುಗಾಲುವೆಗಳಿಗೆ ನುಗ್ಗಿ. ಹುಟ್ಟು ಮಡಿಲಲ್ಲಿಟ್ಟು ಮಾತು ನಿಲ್ಲಿಸಿದರೆ ಮಿಂಚುಳ್ಳಿ ತಾನಾಗಿ ಕಾಣುತ್ತದೆ. ನೀರು ಇಳಿಯಲು ಶುರುವಾದ ಮೇಲೆ ಕೆಸರಿನ ಮೇಲೆ ಒಂದೇ ಕೈ ದೊಡ್ಡದಿರುವ ಏಡಿಗಳು, ನೆಗೆದಾಡುವ ಕೆಸರು ಮೀನುಗಳು ಹೊರಬರುತ್ತವೆ. ಅವುಗಳನ್ನು ನೋಡುತ್ತಾ ಕೂರಬೇಡಿ. ಕಿರುಗಾಲುವೆ ಬರಿದಾಗಲು ಹೊತ್ತು ಬೇಡ, ಕಯಾಕ್ ಕೆಸರಿನ ಮೇಲೆ ಕೂತರೆ ಮುಂದಿನ ಉಬ್ಬರದವರೆಗೆ ಅಲ್ಲೇ. ಹಾಗಾದರೂ ಕೆಳಗಿಳಿದು ತಳ್ಳಲು ಹೋಗಬೇಡಿ. ತೊಡೆಯವರೆಗೆ ಹೂತುಹೋಗುವ ಕೆಸರು ಅದು. ಕಯಾಕ್ ಮೇಲೇ ಕೂತು ಸೀಟಿ ಊದಿ.

7. ಇಲ್ಲಿ ಹುಷಾರು

ಅಳಿವೆಯ ಬಾಯಿ: ನದಿ ಕಡಲು ಸೇರುವಲ್ಲಿ ಮರಳಿನ ದಿಬ್ಬ ನೀರೊಳಗೆ ಅಡಗಿರುತ್ತದೆ. ಅಲೆ ಅದರ ಮೇಲೆ ಇದ್ದಕ್ಕಿದ್ದಂತೆ ಮುರಿಯುತ್ತದೆ. ಅನುಭವಿ ಮೀನುಗಾರರ ದೋಣಿಗಳೂ ಅಲ್ಲಿ ಮಗುಚಿವೆ. ಹೊನ್ನಾವರದಲ್ಲಿ ಹೆದ್ದಾರಿ ಸೇತುವೆ ದಾಟಿ ಕಡಲ ಕಡೆ ಹೋಗುವುದಿಲ್ಲ ಎಂದು ಮೊದಲೇ ಗೆರೆ ಎಳೆದುಕೊಳ್ಳಿ. ಫೋಟೊ ಚೆನ್ನಾಗಿ ಬರುತ್ತದೆ ಎಂದು ಯಾರು ಒತ್ತಾಯ ಮಾಡಿದರೂ ಸರಿ.

ಸೇತುವೆ ಕಂಬ: ಸೆಳೆತ ಇರುವಾಗ ಕಂಬಕ್ಕೆ ಅಡ್ಡಲಾಗಿ ಒತ್ತಿಕೊಂಡರೆ ಕಯಾಕ್ ಮಗುಚುತ್ತದೆ. ಎರಡು ಕಂಬಗಳ ನಡುಮಧ್ಯಕ್ಕೆ ದೂರದಿಂದಲೇ ಗುರಿಯಿಟ್ಟು ನೇರ ಹೋಗಿ.

ಗಜನಿಯ ತೂಬು: ಅಘನಾಶಿನಿ ದಡದಲ್ಲಿ ಗಜನಿ ಗದ್ದೆಗಳಿವೆ, ಅಂದರೆ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ತಗ್ಗು ಗದ್ದೆಗಳು. ಅವುಗಳ ಏರಿಗೆ ತೂಬು ಇರುತ್ತದೆ. ಏರಿಳಿತದ ಹೊತ್ತಿನಲ್ಲಿ ಅದರ ಬಾಯಲ್ಲಿ ನೀರು ಜೋರಾಗಿ ನುಗ್ಗುತ್ತದೆ. ದೂರ ಇರಿ.

ಬಲೆ ಮತ್ತು ಬೆಳಚು ಆರಿಸುವವರು: ಕಾಲುವೆಗೆ ಅಡ್ಡ ಗೂಟ ಹೊಡೆದು ಬಲೆ ಕಟ್ಟಿರುತ್ತಾರೆ. ಸೆಳೆತ ನಿಮ್ಮನ್ನು ಅದರ ಮೇಲೆ ತಳ್ಳುವ ಮೊದಲೇ ಬದಿಗೆ ಸರಿಯಿರಿ. ಇಳಿತದಲ್ಲಿ ಗಂಡಸರು, ಹೆಂಗಸರು ಸೊಂಟದ ನೀರಲ್ಲಿ ನಿಂತು ಬೆಳಚು, ಅಂದರೆ ಚಿಪ್ಪಿನ ಮೀನು, ಆರಿಸುತ್ತಿರುತ್ತಾರೆ. ಅದು ಅವರ ಹೊಟ್ಟೆಪಾಡು. ಕಯಾಕ್ ನಿಧಾನ ಮಾಡಿ, ದೂರದಿಂದ ಹಾದುಹೋಗಿ. ಕೇಳದೆ ಕ್ಯಾಮೆರಾ ಎತ್ತಬೇಡಿ.

8. ದಡ ಸೇರಿದ ಮೇಲೆ

ಸಿಂಪಿ ಕೊಯ್ದ ಗಾಯ ಚಿಕ್ಕದಾದರೂ ಸಿಹಿನೀರು, ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ. ಕೆಸರು ಒಳಗೆ ಉಳಿದರೆ ಕೀವು ಹಿಡಿಯುತ್ತದೆ. ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡು ಬಹಳ ವರ್ಷವಾಗಿದ್ದರೆ ಡಾಕ್ಟರಿಗೆ ತೋರಿಸಿ. ಉಪ್ಪುನೀರು ತಾಗಿದ ಕಾರಿನ ಕೀಲಿ, ಕನ್ನಡಕ, ಬಕಲ್‌ಗಳನ್ನು ಅಲ್ಲೇ ಸಿಹಿನೀರಲ್ಲಿ ಅದ್ದಿ ಒರೆಸಿ, ಊರಿಗೆ ಬಂದ ಮೇಲೆ ಎಂದರೆ ತುಕ್ಕು ಕಾಯುವುದಿಲ್ಲ.

ಬೆಳಗ್ಗೆ ಬೇಗ ಎದ್ದು ಮೂರು ತಾಸು ಹುಟ್ಟು ಹಾಕಿದವರಿಗೆ ಮಧ್ಯಾಹ್ನ ಮೀನೂಟ ಆದ ಮೇಲೆ ಕಣ್ಣು ಎಳೆಯುತ್ತದೆ. ಗಾಡಿ ಓಡಿಸುವವರು ಒಂದು ತಾಸು ಮಲಗಿ, ಆದರೂ ಕತ್ತಲಾಗುವ ಮೊದಲು ಅರಬೈಲ್ ಘಟ್ಟ ಹತ್ತುವಂತೆ ಹೊರಡಿ. ಲಾರಿಗಳ ಓಡಾಟ ಅಲ್ಲಿ ಜಾಸ್ತಿ. ಹಾವೇರಿಯವರಿಗೆ ಕುಮಟಾದಿಂದ ದೇವಿಮನೆ ಘಟ್ಟ, ಶಿರಸಿ ಮೂಲಕ ಬರುವುದು ಹತ್ತಿರ. ರಸ್ತೆ ಕೆಲಸಕ್ಕೆಂದು ಆ ಘಟ್ಟವನ್ನು ಆಗಾಗ ಬಂದ್ ಮಾಡುತ್ತಾರೆ, ಕುಮಟಾ ಬಸ್ ನಿಲ್ದಾಣದಲ್ಲಿ ವಿಚಾರಿಸಿಕೊಂಡೇ ಗಾಡಿ ತಿರುಗಿಸಿ.